ಆಡಿಟರ್ ಒಪ್ಪದಿದ್ದರೆ ಏನಾಗುತ್ತದೆ? ಬೈಜೂಸ್ ಲೆಕ್ಕದ ಕಥೆ

ಕಂಪನಿಗೂ ಅದರ ಆಡಿಟರಿಗೂ ಲೆಕ್ಕದ ವಿಷಯದಲ್ಲಿ ತಕರಾರು ಬರುವುದು ಹೊಸದೇನಲ್ಲ. ಹೊರಗಿನವರಿಗೆ ಅದು ಗೊತ್ತಾಗುವುದು ಅಪರೂಪ. "ಈ ವರ್ಷ ಇಷ್ಟು ತೋರಿಸೋಣ, ಉಳಿದದ್ದಕ್ಕೆ ಟಿಪ್ಪಣಿ ಹಾಕೋಣ" ಎಂದು ಒಳಗೇ ಮಾತು ಮುಗಿದು ಸಹಿ ಬೀಳುತ್ತದೆ. ಬೆಂಗಳೂರಿನ ಬೈಜೂಸ್‌ನಲ್ಲಿ ಮಾತ್ರ ಅದು ಬೀದಿಗೆ ಬಂತು.

ಅಲ್ಲಿನ ಪ್ರಶ್ನೆ ವ್ಯಾಪಾರಸ್ಥರಿಗೆ ಪರಿಚಿತವೇ. ಪಾಲಕರು ಮುಂದಿನ ವರ್ಷಗಳ ಪಾಠಕ್ಕೂ ಸೇರಿಸಿ ಹಣ ಕಟ್ಟಿದರೆ ಅದೆಲ್ಲ ಈ ವರ್ಷದ ಆದಾಯವೇ? ವರ್ಷವಿಡೀ ಅಕ್ಕಿ ಕೊಡುವುದಾಗಿ ಮುಂಗಡ ಪಡೆದ ಅಂಗಡಿಯವನು ಅಷ್ಟನ್ನೂ ಮೊದಲ ದಿನವೇ ಮಾರಾಟಕ್ಕೆ ಬರೆಯುವುದಿಲ್ಲ. ಚೀಲ ತೂಗಿ ಕೊಡುವ ತನಕ ಅದು ಗಿರಾಕಿಯ ಬಾಕಿ. 2020-21ರ ಲೆಕ್ಕ ಬಹಳ ತಡವಾಗಿ, 2022ರ ಸೆಪ್ಟೆಂಬರ್‌ನಲ್ಲಿ ಹೊರಬಂದಾಗ ಆದಾಯ ಬರೆಯುವ ಪದ್ಧತಿ ಬದಲಾಗಿತ್ತು. ಆದಾಯದ ದೊಡ್ಡ ಪಾಲು ಮುಂದಿನ ವರ್ಷಗಳಿಗೆ ಹೋಯಿತು. ನಷ್ಟ 4,588 ಕೋಟಿ ರೂಪಾಯಿ ಎಂದಾಯಿತು.

ಇಂಥ ಮಾತುಕತೆಯಲ್ಲಿ ಕಂಪನಿಯ ಕೈಲಿರುವ ಬಲ ಯಾವುದು? ಫೀ ಕೊಡುವುದು ಅದೇ ಎಂಬುದು ಒಂದು. "ಮೊತ್ತ ದೊಡ್ಡದಲ್ಲ ಬಿಡಿ" ಎಂಬ ವಾದ ಇನ್ನೊಂದು. ಅಮೆರಿಕದ ಎನ್ರಾನ್‌ನಲ್ಲಿ 1997ರಲ್ಲಿ ಆಡಿಟರ್ ಆರ್ಥರ್ ಆಂಡರ್ಸನ್ ಸೂಚಿಸಿದ 5.1 ಕೋಟಿ ಡಾಲರ್ ತಿದ್ದುಪಡಿಯನ್ನು ಹೀಗೆಯೇ ಕೈಬಿಡಲಾಯಿತು. ಆ ವರ್ಷ ಕಂಪನಿ ತೋರಿಸಿದ ಲಾಭ 10.5 ಕೋಟಿ ಡಾಲರ್. ಅರ್ಧದಷ್ಟು ಮೊತ್ತ ಸಣ್ಣದಾಗಿದ್ದು ಹೇಗೋ!

ಆದರೆ ಎಲ್ಲಕ್ಕಿಂತ ದೊಡ್ಡ ಬಲ ತಡ ಮಾಡುವುದು. ನಮ್ಮ 2013ರ ಕಂಪನಿ ಕಾಯ್ದೆಯಂತೆ ಅವಧಿಗೆ ಮೊದಲೇ ಆಡಿಟರನ್ನು ತೆಗೆಯಲು ವಿಶೇಷ ನಿರ್ಣಯವೂ ಕೇಂದ್ರ ಸರ್ಕಾರದ ಪೂರ್ವಾನುಮತಿಯೂ ಬೇಕು. ತೆಗೆಯುವುದು ಕಷ್ಟ, ಕಾಗದಪತ್ರ ಕೊಡದೆ ಕಾಯಿಸುವುದು ಸುಲಭ. ಪುಸ್ತಕವೇ ಬಾರದಿದ್ದರೆ ಆಡಿಟರ್ ಯಾವುದನ್ನು ಒಪ್ಪಬೇಕು, ಯಾವುದನ್ನು ತಳ್ಳಬೇಕು?

ಆಗ ಉಳಿಯುವುದು ರಾಜೀನಾಮೆ. 30 ದಿನದೊಳಗೆ ಅದರ ಕಾರಣವನ್ನು ಬರೆದು ಕಂಪನಿಗೂ ರಿಜಿಸ್ಟ್ರಾರ್‌ಗೂ ಕೊಡಬೇಕು. 2023ರ ಜೂನ್‌ನಲ್ಲಿ ಬೈಜೂಸ್ ಬಿಟ್ಟ ಡೆಲಾಯ್ಟ್ ತನ್ನ ಪತ್ರದಲ್ಲಿ, 2021-22ರ ಲೆಕ್ಕ ಬಹಳ ತಡವಾಗಿದೆ, ಆಡಿಟ್ ಶುರು ಮಾಡಲೇ ಆಗಿಲ್ಲ ಎಂದು ಬರೆಯಿತು. ಅದೇ ಹೊತ್ತಿಗೆ ಹೂಡಿಕೆದಾರರ ಮೂವರು ಪ್ರತಿನಿಧಿಗಳೂ ಆಡಳಿತ ಮಂಡಳಿ ಬಿಟ್ಟರು.

ಆ ಲೆಕ್ಕ ಕೊನೆಗೂ ಬಂದದ್ದು 2024ರ ಜನವರಿಯಲ್ಲಿ. ನಷ್ಟ 8,245 ಕೋಟಿ ರೂಪಾಯಿ. ಆರು ತಿಂಗಳಿಗೆ, ಜುಲೈನಲ್ಲಿ, ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ಕಂಪನಿಯ ಮೇಲೆ ದಿವಾಳಿ ಪ್ರಕ್ರಿಯೆ ಆರಂಭಿಸಲು ಆದೇಶಿಸಿತು.