ಕಣ್ಣು ಕುಕ್ಕದ ದೀಪ

ಶಿವನಸಮುದ್ರದ ವಿದ್ಯುಚ್ಛಕ್ತಿ 1902ರಲ್ಲಿ ಮೊದಲು ಹರಿದುದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳು ಆ ಭಾಗ್ಯಕ್ಕಾಗಿ 1905ರವರೆಗೆ ಕಾಯಬೇಕಾಯಿತು. ಯಂತ್ರಗಳಿಗೆ ಅಷ್ಟು ಶಕ್ತಿ ಬಂದರೂ ಚಾಂಪಿಯನ್ ರೀಫ್ಸಿನ ಆಳದಲ್ಲಿ ಬಂಡೆ ಕೊರೆಯುವವನಿಗೆ ದಾರಿ ತೋರುತ್ತಿದ್ದುದು ಅವನದೇ ಪುಟ್ಟ ದೀಪ. ಆ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಕೆಳಗಿಳಿದಿತ್ತು. ಹಗಲೆಂಬುದು ಅಲ್ಲಿ ಬರಿಯ ಮಾತು.

ಇಲ್ಲಿಗೆ ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಗಣಿಗಾರರು ಬಂದಿದ್ದರಷ್ಟೆ. ಅವರ ನಾಡಿನಲ್ಲಿ ಗಟ್ಟಿ ಟೋಪಿಗೆ ಜೇಡಿಮಣ್ಣಿನಿಂದ ಮೇಣದ ಬತ್ತಿ ಅಂಟಿಸಿಕೊಂಡು ಗಣಿಗಿಳಿಯುವುದು ವಾಡಿಕೆಯಾಗಿತ್ತು. ಮುಂದೆ ತಲೆಯ ಮೇಲೆ ವಿದ್ಯುದ್ದೀಪ ಬಂದಿತು. ಅದನ್ನು ಧರಿಸಿದವರೆಲ್ಲರೂ ಬಲ್ಲ ಮರ್ಯಾದೆಯೊಂದುಂಟು: ಜೊತೆಗಾರನೊಡನೆ ಮಾತನಾಡುವಾಗ ತಲೆಯನ್ನು ತುಸು ವಾರೆ ಮಾಡಬೇಕು. ನೇರವಾಗಿ ನೋಡಿದರೆ ಬೆಳಕು ಅವನ ಕಣ್ಣು ಕುಕ್ಕುತ್ತದೆ. ಮರುಕ್ಷಣ ಅವನಿಗೆ ಏನೂ ಕಾಣದು.

ದೀಪ ಹಚ್ಚಿ ಕೊಳಗದ ಅಡಿಯಲ್ಲಿ ಮುಚ್ಚಿಡಬಾರದೆಂದು ಯೇಸುಸ್ವಾಮಿ ಪರ್ವತಪ್ರಸಂಗದಲ್ಲಿ ಬೋಧಿಸಿದರು. ಅದೇ ಪ್ರಸಂಗದಲ್ಲಿ, ಬಲಗೈ ನೀಡಿದ ದಾನ ಎಡಗೈಗೂ ತಿಳಿಯದಿರಲೆಂದು ಕಟ್ಟಳೆ ಮಾಡಿದರು. ಬೆಳಕು ಕಾಣಬೇಕು, ಕೊಡುವ ಕೈ ಕಾಣಬಾರದು! ಇವೆರಡೂ ಹೇಗೆ ಹೊಂದೀತು? ಪಂಡಿತರು ಬಗೆಬಗೆಯಾಗಿ ಸಮಾಧಾನ ಹೇಳಿರುವರು. ನನಗಂತೂ ಗಣಿಗಾರನ ಮರ್ಯಾದೆಯೇ ಒಪ್ಪಿಗೆ. ಬೆಳಕು ಬೀಳಬೇಕಾದುದು ದಾರಿಯ ಮೇಲೆ, ಜೊತೆಗಾರನ ಮುಖದ ಮೇಲಲ್ಲ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಒಂದೇ ಏಟಿಗೆ ಸಂಬಳ ನಿಂತ ಮನೆಗಳು ಸಾಲುಸಾಲು. ದುಡಿಮೆಗಾಗಿ ಸಾವಿರಾರು ಜನ ಇಂದಿಗೂ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿನ ರೈಲು ಹಿಡಿಯುವರು. ಇಂಥ ಊರಿನಲ್ಲಿ, ವಿಜಯಮಾತೆಯ ದೇವಾಲಯದಲ್ಲಿ ಬಲಿಪೂಜೆ ಮುಗಿಸಿ ಬರುವ ತಾಯಿಗೆ ನೆರೆಮನೆಯಲ್ಲಿ ಒಲೆ ಉರಿಯದಿದ್ದರೆ ತಿಳಿಯದೆ ಹೋಗುವುದುಂಟೆ? ಲೈನು ಮನೆಗಳಲ್ಲಿ ಇಬ್ಬರಿಗೂ ಗೋಡೆ ಒಂದೇ. ಕೊಡುವುದೇನೂ ಕಷ್ಟವಲ್ಲ. ನಿನ್ನೆಯವರೆಗೆ ಸರಿಸಮನಾಗಿದ್ದವನಿಗೆ ಕೊಡುವುದಿದೆಯಲ್ಲ, ಅದು ಕಷ್ಟ. ಅವನು ತಲೆ ತಗ್ಗಿಸಿ ಕೈಯೊಡ್ಡುವಂತಾದರೆ ಆ ಅನ್ನ ಗಂಟಲಿನಲ್ಲಿ ಇಳಿಯದು. ಜೊತೆಗೆ ಉಪದೇಶವನ್ನೂ ಬಡಿಸಿದರಂತೂ ಕೇಳುವುದೇ ಬೇಡ.

ಈ ಸಂಕೋಚ ಕಳೆಯಲು ದೂರದ ಮಿಜೋರಾಮಿನಲ್ಲಿ ಒಂದು ದಾರಿ ಕಾಣುತ್ತದೆ. ಅಲ್ಲಿಯ ಕ್ರೈಸ್ತ ಗೃಹಿಣಿಯರು 1910ರಿಂದ ನಡೆಸಿಕೊಂಡು ಬಂದ ಪದ್ಧತಿಯದು. ಅನ್ನಕ್ಕೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದು ಬೇರೆ ಇಡುವರು. ಸಭೆಯ ಹೆಂಗಸರು ಅದನ್ನು ಮನೆಮನೆಯಿಂದ ಒಟ್ಟುಗೂಡಿಸುವರು. ಮಾರಿ ಬಂದ ಹಣ ಸಭೆಯ ಕೆಲಸಗಳಿಗೆ ಸಲ್ಲುತ್ತದೆ. ರಾಶಿಯಲ್ಲಿ ಸಿರಿವಂತಳ ಹಿಡಿ ಯಾವುದು, ಬಡವಿಯ ಹಿಡಿ ಯಾವುದೆಂದು ಗುರುತಿಸುವವರಾರು? ನಮ್ಮಲ್ಲಿಯೂ ಮುಷ್ಟಿ ಅಕ್ಕಿಯ ರೂಢಿ ಹೊಸದಲ್ಲ. ಒಂದು ಲೈನಿನ ಹತ್ತು ಮನೆಗಳವರು ಸೇರಿ ಹೀಗೆ ಕೂಡಿಡಬಹುದು. ಇಂದು ಹಿಡಿ ಹಾಕಿದವಳು ನಾಳೆ ಅದರಿಂದಲೇ ಸೇರು ಅಳೆದು ಒಯ್ದರೂ ಯಾರ ಮುಂದೆಯೂ ನಿಲ್ಲಬೇಕಾಗಿಲ್ಲ.

ಕೋಲಾರದ ಸೀಮೆಗೆ ಅಕ್ಕಿಗಿಂತ ರಾಗಿಯೇ ವಾಸಿ. ಒಣಗಿಸಿ ಇಟ್ಟರೆ ಹುಳು ಹಿಡಿಯದೆ ಬಹುಕಾಲ ನಿಲ್ಲುತ್ತದೆ.