ಮೊದಲು ಪಟ್ಟಿ, ಆಮೇಲೆ ಚೆಂಡು

ಕೆಜಿಎಫ್, ಬಂಗಾರಪೇಟೆಯ ಶಾಲೆಗಳಲ್ಲಿ ಅಭ್ಯಾಸ ಬೋಧನೆಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಫ್ಲ್ಯಾಗ್ ಫುಟ್‌ಬಾಲ್ ಪಾಠವನ್ನು ಚೆಂಡಿನ ಎಸೆತದಿಂದ ಶುರುಮಾಡಬಾರದೆಂದು ನನ್ನ ಅಭಿಪ್ರಾಯ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿರುವ ಆಟವಿದು. ತಂಡಕ್ಕೆ 5 ಜನ. ಚೆಂಡು ಹಿಡಿದು ಓಡುವವರನ್ನು ಕೆಡವುವಂತಿಲ್ಲ; ಅವರ ಸೊಂಟದ ಪಟ್ಟಿ ಕಿತ್ತರೆ ಓಟ ಅಲ್ಲಿಗೇ ನಿಲ್ಲುತ್ತದೆ. ನಾಲ್ಕು ಯತ್ನಗಳಲ್ಲಿ ನಡುಗೆರೆ ದಾಟಬೇಕೆಂಬ ನಿಯಮವೆಲ್ಲ ಮೊದಲ ದಿನ ಬೇಡ.

ನಮ್ಮ ಮಕ್ಕಳಿಗೆ ಕಬಡ್ಡಿ ಗೊತ್ತು. ಅಲ್ಲಿ ಹಿಡಿಯುವುದೇ ಆಟ, ಇಲ್ಲಿ ಹಿಡಿದರೆ ತಪ್ಪು. ಕೈಗೆ ಅಂಟಿದ ಆ ರೂಢಿಯನ್ನು ಬಿಡಿಸುವುದೇ ಮೊದಲ ಪಾಠ. ಹಳೇ ಬಟ್ಟೆ ಹರಿದು ಪ್ರತಿ ಮಗುವಿಗೆ ಎರಡು ಪಟ್ಟಿ ಮಾಡಿ, ಸೊಂಟದ ಎರಡೂ ಬದಿಗೆ ಸಿಕ್ಕಿಸಿ. ಗಂಟು ಹಾಕಬೇಡಿ, ಎಳೆದಾಗ ಮಗು ಬೀಳುತ್ತದೆ. ಚೂಡಿದಾರ್ ಸಮವಸ್ತ್ರದ ಹುಡುಗಿಯರಿಗೆ ಮೇಲಿನಿಂದ ಒಂದು ನಾಡಾ ಕಟ್ಟಿ ಅದಕ್ಕೆ ಸಿಕ್ಕಿಸಬೇಕು. ಇದು ಪಾಠಯೋಜನೆಯಲ್ಲಿ ಬರೆದಿರಬೇಕಾದ ಮಾತು. ಬರೆಯದಿದ್ದರೆ ಅವರು ಎಂದಿನಂತೆ ಸ್ಕೋರ್ ಬರೆಯಲು ಕೂರುತ್ತಾರೆ. ಮೈಮುಟ್ಟದ ಆಟದಲ್ಲೂ ಅವರನ್ನು ಕೂರಿಸುವುದಾದರೆ ಈ ಆಟ ಕಲಿಸಿ ಏನು ಬಂತು?

ಸುಣ್ಣದ ಚೌಕದೊಳಗೆ ಹತ್ತು ನಿಮಿಷ ಬರೀ ಪಟ್ಟಿ ಕೀಳಲಿ. ಕೈಯಿಂದ ತಮ್ಮ ಪಟ್ಟಿ ಮುಚ್ಚಿಕೊಳ್ಳಬಾರದು ಎಂಬ ಒಂದೇ ನಿಯಮ ಸಾಕು. ಮುಂದಿನ ಅವಧಿಯಲ್ಲಿ ಚೆಂಡನ್ನು ಕೈಗೆ ಕೊಟ್ಟು ಓಡಿಸಿ, ಎಸೆತ ಅದರ ನಂತರ. ಅಂಡಾಕಾರದ ಚೆಂಡು ಸಿಗದಿದ್ದರೆ ಶಾಲೆಯ ಹ್ಯಾಂಡ್‌ಬಾಲೇ ನಡೆಯುತ್ತದೆ.

ವೀಕ್ಷಕರಿಗೂ ಒಂದು ಮಾತು. ಬೋಧನೋಪಕರಣದ ಕಾಲಂನಲ್ಲಿ ಬಟ್ಟೆಪಟ್ಟಿಗೆ ಪೂರ್ಣ ಅಂಕ ಕೊಡಿ, ಆಮೇಲೆ ಎಷ್ಟು ಹುಡುಗಿಯರು ಓಡಿದರೆಂದು ಎಣಿಸಿ ಬರೆಯಿರಿ.