ಅರ್ಧ ನಿಮಿಷದ ಸಂಜೆ

ನಮ್ಮತ್ತೆಯವರು ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡು ಮೂರು ತಿಂಗಳಾಯಿತು. ಹೊಳೆನರಸೀಪುರದ ನಮ್ಮ ಮನೆಯಲ್ಲಿ ಅವರ ಕೋಣೆಯ ಕಿಟಕಿ ಇರುವುದು ಮೂಡಲಿಗೆ. ದಿನಾ ದೀಪ ಹಚ್ಚುವಾಗ, "ಹೊತ್ತು ಮುಳುಗ್ತೇನಮ್ಮ?" ಎಂದು ಕೇಳುತ್ತಾರೆ. ಅವರ ತವರು ಶೆಟ್ಟಿಹಳ್ಳಿ ಕಡೆಯ ಒಂದು ಹಳ್ಳಿ. 1979ರಲ್ಲಿ ಗೊರೂರು ಅಣೆಕಟ್ಟು ಮುಗಿದ ಮೇಲೆ ಅದು ಹೇಮಾವತಿಯ ಹಿನ್ನೀರಿನ ಪಾಲಾಯಿತು. ಅಣ್ಣತಮ್ಮಂದಿರು ಅರಕಲಗೂಡಿಗೆ ಬಂದು ನೆಲೆಸಿದರು.

ಹಾಸನದಲ್ಲಿ ಓದುತ್ತಿರುವ ನನ್ನ ಮಗ, "ಅಜ್ಜಿಗೆ ಅಲ್ಲಿಯ ಸೂರ್ಯಾಸ್ತವನ್ನೇ ತಂದು ತೋರಿಸೋಣ" ಎಂದ. ಚನ್ನರಾಯಪಟ್ಟಣದಲ್ಲಿ ಮದುವೆ ವಿಡಿಯೊ ತೆಗೆಯುವ ನನ್ನ ತಮ್ಮನಿಂದ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು ಬಂತು. ಬುತ್ತಿ ಕಟ್ಟಿಕೊಂಡು ನಾನೂ ಹೊರಟೆ.

ಇದಕ್ಕೆ ಟೈಮ್ ಲ್ಯಾಪ್ಸ್ ಎನ್ನುತ್ತಾರೆ. ಐದು ಸೆಕೆಂಡಿಗೆ ಒಂದರಂತೆ ಒಂದು ಗಂಟೆಯಲ್ಲಿ 720 ಚಿತ್ರ. ಅವನ್ನು ಸೆಕೆಂಡಿಗೆ 24ರಂತೆ ಓಡಿಸಿದರೆ ಇಡೀ ಸಂಜೆ 30 ಸೆಕೆಂಡಿನಲ್ಲಿ ಮುಗಿಯುತ್ತೆ. ಕ್ಯಾಮೆರಾದಲ್ಲಿ ಆ ಸೌಕರ್ಯ ಇಲ್ಲದಿದ್ದರೆ ಮಾಮೂಲಿನಂತೆ ತೆಗೆದು, ಕಂಪ್ಯೂಟರಿನಲ್ಲಿ 120 ಪಟ್ಟು ಜೋರಾಗಿ ಓಡಿಸಬಹುದು. ಈಗಿನ ಎಷ್ಟೋ ಮೊಬೈಲುಗಳಲ್ಲೂ ಇದು ಬರುತ್ತೆ.

ನಾನು ಕಲಿತದ್ದಿಷ್ಟು: ಸ್ಟ್ಯಾಂಡಿಗೆ ಕಲ್ಲಿನ ಚೀಲ ತೂಗುಹಾಕಿ, ಗಾಳಿಗೆ ಅಲುಗಬಾರದು. ಫೋಕಸ್ಸನ್ನೂ ಬೆಳಕನ್ನೂ ಕ್ಯಾಮೆರಾದ ಇಷ್ಟಕ್ಕೆ ಬಿಟ್ಟರೆ ಚಿತ್ರ ಮಿಣಮಿಣ ಎನ್ನುತ್ತೆ, ಮೊದಲೇ ಒಂದೇ ಮಟ್ಟಕ್ಕೆ ನಿಲ್ಲಿಸಿಬಿಡಿ. ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟು ಸೂರ್ಯನನ್ನು ನೋಡಲೇಬೇಡಿ. ಸೂರ್ಯ ಮುಳುಗಿದೊಡನೆ ಗಂಟುಮೂಟೆ ಕಟ್ಟಬೇಡಿ. ಒಳ್ಳೇ ಬಣ್ಣ ಬರುವುದು ಆಮೇಲಿನ ಇಪ್ಪತ್ತು ನಿಮಿಷದಲ್ಲೇ. ಇನ್ನೊಂದು ಬ್ಯಾಟರಿ ಜೊತೆಗಿರಲಿ.

ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿಸಿದ ಶೆಟ್ಟಿಹಳ್ಳಿಯ ಪಾಳು ಇಗರ್ಜಿ ದಾಟಿ, ನೀರಿನಂಚಿನಲ್ಲಿ ಪಡುವಣಕ್ಕೆ ಮುಖಮಾಡಿ ಕೂತೆವು. ಸೂರ್ಯನ ಅಂಚು ನೆಲ ಮುಟ್ಟಿದ ಮೇಲೆ ಪೂರ್ತಿ ಮರೆಯಾಗಲು ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇಷ್ಟು ವರ್ಷ ಆ ಹೊತ್ತಿನಲ್ಲಿ ನಾನಿರುತ್ತಿದ್ದುದು ಒಲೆಯ ಮುಂದೆ.

ಮನೆಗೆ ಬಂದು ಟೀವಿಯಲ್ಲಿ ಹಾಕಿದೆವು. ಅತ್ತೆ ನೋಡಿ ನಕ್ಕರು: "ಏನ್ ಮಗ, ಸೂರ್ಯನ್ನ ಯಾರೋ ಅಟ್ಟಿಸ್ಕೊಂಡ್ ಬಂದಂಗಿದೆ!" ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀರು ನೋಡೋಕೇ ಬಿಡ್ಲಿಲ್ಲ" ಅಂದರು. ಅವರಿಗೆ ಬೇಕಾಗಿದ್ದದ್ದು ಸೂರ್ಯನಲ್ಲ, ಊರು ಮುಳುಗಿದ ಜಾಗ! ನಮಗೆ ಹೊಳೆದೇ ಇರಲಿಲ್ಲ.

ಮುಂದಿನ ಭಾನುವಾರ ಮತ್ತೆ ಹೋಗಿ, ಬರೀ ನೀರನ್ನು ಹತ್ತು ನಿಮಿಷ ಸಾವಕಾಶವಾಗಿ, ಇದ್ದ ಹಾಗೇ ತೆಗೆದು ತಂದೆವು. ಈಗ ದಿನಾ ಅದನ್ನೇ ಹಾಕಿಸಿಕೊಂಡು, ಬೆರಳು ಚಾಚಿ ತೋರಿಸುತ್ತಾರೆ: "ಇಲ್ಲೇ ನಮ್ಮ ಕಣ, ಅದರಾಚೆ ಬಾವಿ." ಮಗ ಕೇಳಿ ಕೇಳಿ ಪುಸ್ತಕದಲ್ಲಿ ನಕ್ಷೆ ಬರೆದುಕೊಳ್ಳುತ್ತಿದ್ದಾನೆ.

ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ, ಕ್ಯಾಮೆರಾ ಹಿಡಿದು ಹೊರಡುವ ಮುಂಚೆ ಅವರಿಗೆ ಏನು ನೋಡಬೇಕೆಂದು ಒಂದು ಮಾತು ಕೇಳಿ.